ಮೊದಲು ಬೀಗ, ಆಮೇಲೆ ಹುಡುಕಾಟ

ಎಟಿಎಂ ಕಾರ್ಡ್ ಕಳೆದಾಗ ಅಜ್ಜ-ಅಜ್ಜಿ ಮತ್ತು ಮೊಮ್ಮಕ್ಕಳು ಕೂಡಿ ಮಾಡಬೇಕಾದ್ದು

ಮನೆಯಲ್ಲಿರುವ ಎಟಿಎಂ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಪುಟ್ಟ ಅಕ್ಷರಗಳಲ್ಲಿ ಒಂದು ಫೋನ್ ನಂಬರ್ ಅಚ್ಚಾಗಿರುತ್ತದೆ. ಕಾರ್ಡ್ ಕಳೆದುಹೋದರೆ ಕರೆ ಮಾಡಬೇಕಾದ ಬ್ಯಾಂಕಿನ ಸಹಾಯವಾಣಿ ಅದು. ತಮಾಷೆ ನೋಡಿ, ಕಾರ್ಡ್ ಕಳೆದ ದಿನ ಆ ನಂಬರೂ ಕಾರ್ಡಿನ ಜೊತೆಗೇ ಹೋಗಿಬಿಟ್ಟಿರುತ್ತದೆ! ಬೀಗದ ಕೈಯನ್ನು ಒಳಗೇ ಮರೆತು ಬಾಗಿಲು ಎಳೆದುಕೊಂಡ ಹಾಗೆ.

ಆದ್ದರಿಂದ ಮಕ್ಕಳೇ, ಮುಂದೆ ಓದುವ ಮೊದಲು ಒಂದು ಸಣ್ಣ ಕೆಲಸ. ಅಜ್ಜನಿಗೋ ಅಜ್ಜಿಗೋ ಹೇಳಿ ಕಾರ್ಡ್ ತೆಗೆಸಿ. ಆ ಸಹಾಯವಾಣಿಯ ನಂಬರನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲಿ ಅಂಟಿಸಿ. ಬರೆಯಬೇಕಾದ್ದು ಸಹಾಯವಾಣಿಯ ನಂಬರ್ ಮಾತ್ರ. ಕಾರ್ಡಿನ ಮುಂಬದಿಯ ಉದ್ದನೆಯ ನಂಬರನ್ನೂ ಹಿಂಬದಿಯ ಮೂರು ಅಂಕಿಯ ಸಿವಿವಿಯನ್ನೂ ಬರೆಯಬೇಡಿ. ಇದು ಐದು ನಿಮಿಷದ ಕೆಲಸ. ಕಾರ್ಡ್ ಕಳೆದ ದಿನ ಇದೇ ಐದು ನಿಮಿಷಕ್ಕೆ ಸಾವಿರಾರು ರೂಪಾಯಿ ಬೆಲೆ.

ಈಗ ನಿಧಾನವಾಗಿ ಮುಂದೆ ಓದಿ. ಸಾಧ್ಯವಾದರೆ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕೇಳಿಸಿಕೊಳ್ಳಿ.

ನಾವು ಸಾಮಾನ್ಯವಾಗಿ ಮಾಡುವುದೇನು?

ಒಬ್ಬ ಅಜ್ಜಿ ಸಂತೆಯಿಂದ ಮನೆಗೆ ಬಂದಿದ್ದಾರೆ ಅಂದುಕೊಳ್ಳಿ. ಚೀಲದಿಂದ ತರಕಾರಿ ತೆಗೆದಿಟ್ಟರು. ಪರ್ಸ್ ಇಲ್ಲ. ಎದೆ ಝಲ್ ಎನ್ನುತ್ತದೆ. ಮೊದಲು ಚೀಲ ಕೊಡವುತ್ತಾರೆ. ಆಮೇಲೆ ಮಂಚದ ಕೆಳಗೆ, ದೇವರ ಕೋಣೆಯಲ್ಲಿ, ಅಕ್ಕಿ ಡಬ್ಬಿಯ ಹಿಂದೆ ಹುಡುಕುತ್ತಾರೆ. ಮತ್ತೆ ಸಂತೆಗೆ ಹೋಗಿ ಸೊಪ್ಪಿನವಳನ್ನು ಕೇಳುತ್ತಾರೆ, ಬಸ್ ನಿಲ್ದಾಣದಲ್ಲಿ ವಿಚಾರಿಸುತ್ತಾರೆ. ಹೊತ್ತು ಮುಳುಗುತ್ತದೆ. ಮಗನಿಗೆ ಹೇಳಿದರೆ ಬೈದಾನು ಎಂದು ಸುಮ್ಮನಾಗುತ್ತಾರೆ. 'ನಾಳೆ ಬೆಳಿಗ್ಗೆ ಬ್ಯಾಂಕ್ ತೆಗೆದ ಮೇಲೆ ಹೋದರಾಯಿತು' ಎಂದು ಮಲಗುತ್ತಾರೆ. ನಿದ್ದೆ ಬರುವುದಿಲ್ಲ.

ಪರ್ಸ್ ಒಳ್ಳೆಯವರ ಕೈಗೆ ಸಿಕ್ಕಿದ್ದರೆ ಚಿಂತೆಯಿಲ್ಲ. ಕೆಟ್ಟವರ ಕೈಗೆ ಸಿಕ್ಕಿದ್ದರೆ, ಅಜ್ಜಿ ಹುಡುಕಿದ ಅಷ್ಟೂ ಹೊತ್ತು ಅವರಿಗೆ ಸಿಕ್ಕ ಬಿಡುವು. 'ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆ ನಮ್ಮಲ್ಲಿದೆಯಲ್ಲ, ಹಾಗಾಗಬಾರದು. ಎಟಿಎಂ ಕಾರ್ಡಿನ ವಿಷಯದಲ್ಲಿ ದಿಡ್ಡಿ ಬಾಗಿಲು ಹಾಕಲು ಬೇಕಾಗುವುದು ಒಂದೇ ಒಂದು ಫೋನ್ ಕರೆ. ಅದಕ್ಕೆ 'ಬ್ಲಾಕ್ ಮಾಡಿಸುವುದು' ಎನ್ನುತ್ತಾರೆ. ಮೊದಲು ಬ್ಲಾಕ್ ಮಾಡಿಸಿ, ಆಮೇಲೆ ಬೇಕಾದಷ್ಟು ಹುಡುಕಿ. ಬ್ಲಾಕ್ ಮಾಡಿಸಿದ ಮೇಲೆ ಕಾರ್ಡ್ ದಿಂಬಿನ ಕೆಳಗೇ ಸಿಕ್ಕರೆ? ಸಿಗಲಿ ಬಿಡಿ. ಹೋಗುವುದು ಹೊಸ ಕಾರ್ಡಿನ ಅಲ್ಪ ಶುಲ್ಕ ಮತ್ತು ಕೆಲವು ದಿನಗಳ ಕಾಯುವಿಕೆ, ಅಷ್ಟೇ.

ಬೇರೆಯವರ ಕೈಯಲ್ಲಿ ನಿಮ್ಮ ಕಾರ್ಡ್

'ನನ್ನ ಪಿನ್ ಯಾರಿಗೂ ಗೊತ್ತಿಲ್ಲ, ಕಾರ್ಡ್ ಸಿಕ್ಕರೂ ಏನು ಮಾಡಿಯಾರು?' ಎಂದು ಅಜ್ಜ ಕೇಳಬಹುದು. ಒಳ್ಳೆಯ ಪ್ರಶ್ನೆ. ಕಾರ್ಡಿನಿಂದ ಹಣ ಹೊರಗೆ ಹೋಗಲು ಮೂರು ಬಾಗಿಲುಗಳಿವೆ. ಒಂದೊಂದನ್ನೇ ನೋಡೋಣ.

ಮೊದಲನೆಯದು ಎಟಿಎಂ. ಇಲ್ಲಿ ಪಿನ್ ಬೇಕೇ ಬೇಕು. ನಾಲ್ಕು ಅಂಕಿಯ ಪಿನ್ ಎಂದರೆ 0000ಯಿಂದ 9999ರವರೆಗೆ ಒಟ್ಟು 10,000 ಸಾಧ್ಯತೆಗಳು. ಸಾಮಾನ್ಯವಾಗಿ ಮೂರು ಸಲ ತಪ್ಪು ಒತ್ತಿದರೆ ಕಾರ್ಡ್ ಆ ದಿನದ ಮಟ್ಟಿಗೆ ಕೆಲಸ ನಿಲ್ಲಿಸುತ್ತದೆ. ಅಂದರೆ ಸುಮ್ಮನೆ ಊಹಿಸುವ ಕಳ್ಳನಿಗೆ 10,000ದಲ್ಲಿ ಮೂರೇ ಅವಕಾಶ. ಗಟ್ಟಿ ಬೀಗವೇ ಸರಿ.

ಪಿನ್‌ಗೆ ನಾಲ್ಕೇ ಅಂಕಿ ಏಕೆ ಎನ್ನುವುದಕ್ಕೆ ಒಂದು ಸ್ವಾರಸ್ಯದ ಕಥೆಯಿದೆ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್‌ಕ್ಲೇಸ್ ಬ್ಯಾಂಕ್ ಹಣ ಕೊಡುವ ಯಂತ್ರವೊಂದನ್ನು ಶುರು ಮಾಡಿತು. ಅದರ ಹಿಂದಿದ್ದವರು ಜಾನ್ ಶೆಪರ್ಡ್-ಬ್ಯಾರನ್. ಅವರು ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ! ಅವರೇ ಹೇಳಿಕೊಂಡಂತೆ, ಮೊದಲು ಆರು ಅಂಕಿಯ ಗುಟ್ಟಿನ ಸಂಖ್ಯೆ ಇಡೋಣ ಎಂದುಕೊಂಡಿದ್ದರಂತೆ. ಅಡುಗೆಮನೆಯ ಮೇಜಿನ ಬಳಿ ಹೆಂಡತಿಯನ್ನು ಕೇಳಿದಾಗ, 'ನನಗೆ ನಾಲ್ಕಕ್ಕಿಂತ ಹೆಚ್ಚು ಅಂಕಿ ನೆನಪಿರುವುದಿಲ್ಲ' ಎಂದರಂತೆ. ಹಾಗೆ ನಾಲ್ಕು ಅಂಕಿ ನಿಂತಿತು.

ಗಟ್ಟಿ ಬೀಗ ಎಂದೆವಲ್ಲ, ಅದನ್ನು ನಾವೇ ಸಡಿಲ ಮಾಡುವುದೂ ಉಂಟು. ಬಹಳ ಹಿರಿಯರು ನೆನಪಿಗೆ ಸುಲಭವೆಂದು ಹುಟ್ಟಿದ ವರ್ಷವನ್ನೇ ಪಿನ್ ಮಾಡಿಕೊಂಡಿರುತ್ತಾರೆ. ಪರ್ಸಿನಲ್ಲಿ ಕಾರ್ಡಿನ ಪಕ್ಕದಲ್ಲೇ ಏನಿರುತ್ತದೆ? ಆಧಾರ್ ಅಥವಾ ಹಿರಿಯ ನಾಗರಿಕರ ಗುರುತಿನ ಚೀಟಿ. ಅದರಲ್ಲಿ ಹುಟ್ಟಿದ ದಿನಾಂಕ ಅಚ್ಚಾಗಿರುತ್ತದೆ. ಕಳ್ಳ ಮಾಡುವ ಮೊದಲ ಊಹೆಯೇ ಅದು. ಕೆಲವರಂತೂ ಪಿನ್ನನ್ನು ಚೀಟಿಯಲ್ಲಿ ಬರೆದು ಕಾರ್ಡಿನ ಕವರಿನೊಳಗೆ ಮಡಚಿಟ್ಟಿರುತ್ತಾರೆ. ಹಾಗಾದರೆ 10,000 ಸಾಧ್ಯತೆಗಳ ಲೆಕ್ಕವೇ ಬೇಕಿಲ್ಲ.

ಎರಡನೆಯ ಬಾಗಿಲು ಅಂಗಡಿ. ನಿಮ್ಮ ಕಾರ್ಡಿನ ಮೇಲೆ ಅಲೆಯಂಥ ನಾಲ್ಕು ಬಾಗಿದ ಗೆರೆಗಳಿವೆಯೇ ನೋಡಿ. ಇದ್ದರೆ ಅದು ತಾಗಿಸಿ ಹಣ ಕೊಡುವ ಕಾರ್ಡ್. ಅಂಗಡಿಯ ಯಂತ್ರದ ಹತ್ತಿರ ಹಿಡಿದರೆ ಸಾಕು. 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಇದರ ಮಿತಿಯನ್ನು 2,000 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. ಅಷ್ಟರವರೆಗಿನ ಖರೀದಿಗೆ ಪಿನ್ ಒತ್ತಬೇಕಿಲ್ಲ. ಅಂದರೆ ಈ ಸೌಲಭ್ಯ ಚಾಲೂ ಇರುವ ಕಾರ್ಡ್ ಯಾರ ಕೈಗೆ ಸಿಕ್ಕಿದೆಯೋ ಅವರು ಪಿನ್ ಗೊತ್ತಿಲ್ಲದೆಯೂ ಸಾಮಾನು ಕೊಳ್ಳಬಹುದು. ಅಜ್ಜನ ಪ್ರಶ್ನೆಗೆ ಇದೇ ಉತ್ತರ.

ಮೂರನೆಯದು ಆನ್‌ಲೈನ್. ನಮ್ಮ ದೇಶದ ಆನ್‌ಲೈನ್ ಅಂಗಡಿಗಳಲ್ಲಿ ಕಾರ್ಡಿನ ವಿವರ ಹಾಕಿದರೆ ಮೊಬೈಲಿಗೆ ಒಟಿಪಿ ಬರುತ್ತದೆ, ಅದು ಒಂದು ಕಾವಲು. ಕೆಲವು ವಿದೇಶಿ ತಾಣಗಳು ಒಟಿಪಿ ಕೇಳುವುದೇ ಇಲ್ಲ. ಇನ್ನೊಂದು ಮಾತು: ಪರ್ಸಿನ ಜೊತೆ ಮೊಬೈಲೂ ಹೋಗಿದ್ದರೆ ಕಾವಲುಗಾರನೇ ಕಳ್ಳನ ಮನೆಗೆ ಹೋದಂತೆ. ಕಾರ್ಡಿನ ವಿವರವೂ ಒಟಿಪಿಯೂ ಒಂದೇ ಕೈಯಲ್ಲಿ ಸೇರಿದರೆ ಹೊಸ ಯುಪಿಐ ಪಿನ್ ಮಾಡಿಕೊಳ್ಳುವ ಅಪಾಯವೂ ಇದೆ. ಕಾರ್ಡ್, ಮೊಬೈಲ್ ಎರಡೂ ಒಟ್ಟಿಗೆ ಕಳೆದರೆ ಅವಸರವೂ ಎರಡು ಪಟ್ಟು.

ಮೊದಲ ಹತ್ತು ನಿಮಿಷ

ಕಾರ್ಡ್ ಕಾಣಿಸುತ್ತಿಲ್ಲ ಎಂದು ಗೊತ್ತಾದ ಕ್ಷಣದಿಂದ ಹೀಗೆ ಮಾಡಿ.

1. ಕುಳಿತುಕೊಳ್ಳಿ, ಒಂದು ಲೋಟ ನೀರು ಕುಡಿಯಿರಿ. ಮನೆಯಲ್ಲಿ ಇರುವವರಿಗೆ, ಅದು ಆರನೆಯ ತರಗತಿಯ ಮೊಮ್ಮಗಳೇ ಆಗಿರಲಿ, 'ಕಾರ್ಡ್ ಕಳೆದಿದೆ' ಎಂದು ಬಾಯಿಬಿಟ್ಟು ಹೇಳಿ. ಎರಡು ತಲೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ.

2. ಗೋಡೆಯ ಹಾಳೆ ನೋಡಿ ಸಹಾಯವಾಣಿಗೆ ಕರೆ ಮಾಡಿ. ಅದು ರಾತ್ರಿ-ಹಗಲು, ಭಾನುವಾರ, ಹಬ್ಬದ ದಿನ, ಯಾವಾಗಲೂ ತೆರೆದಿರುತ್ತದೆ. ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲಿನಿಂದಲೇ ಮಾಡಿದರೆ ಕೆಲಸ ಬೇಗ ಆಗುತ್ತದೆ. ಆ ಮೊಬೈಲ್ ಇಲ್ಲದಿದ್ದರೆ ಯಾರ ಫೋನಿನಿಂದಲಾದರೂ ಸರಿ.

3. ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ಇದ್ದರೆ ಅದು ಇನ್ನೂ ಸಲೀಸು. ಕಾರ್ಡ್ ವಿಭಾಗಕ್ಕೆ ಹೋಗಿ ಬ್ಲಾಕ್ ಎಂಬುದನ್ನು ಒತ್ತಿದರಾಯಿತು. ಹಲವು ಬ್ಯಾಂಕುಗಳಲ್ಲಿ ಒಂದು ಎಸ್‌ಎಂಎಸ್ ಕಳಿಸಿ ಬ್ಲಾಕ್ ಮಾಡುವ ಸೌಲಭ್ಯವೂ ಇದೆ.

4. ಮೊಬೈಲೂ ಕಳೆದಿದ್ದರೆ ಎರಡನೆಯ ಕರೆ ಮೊಬೈಲ್ ಕಂಪನಿಗೆ. ಸಿಮ್ ನಿಲ್ಲಿಸಲು ಹೇಳಿ. ಆಮೇಲೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ ಆ ಫೋನನ್ನೇ ಎಲ್ಲೂ ಬಳಸಲಾಗದಂತೆ ಮಾಡಿಸಬಹುದು.

5. ಹಣ ಹೋದ ಎಸ್‌ಎಂಎಸ್ ಆಗಲೇ ಬಂದಿದ್ದರೆ, ಬ್ಯಾಂಕಿಗೆ ಹೇಳಿದ ಕೂಡಲೇ 1930ಕ್ಕೆ ಕರೆ ಮಾಡಿ. ಅದು ಆನ್‌ಲೈನ್ ಹಣ ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಬೇರೆ ಖಾತೆಗೆ ಸೇರಿದ ಹಣವನ್ನು ಅಲ್ಲಿಂದ ತೆಗೆಯುವ ಮೊದಲೇ ತಡೆಹಿಡಿಯಲು ಅವರು ಬ್ಯಾಂಕುಗಳಿಗೆ ಸುದ್ದಿ ಮುಟ್ಟಿಸುತ್ತಾರೆ. ಎಷ್ಟು ಬೇಗ ಕರೆ ಮಾಡಿದರೆ ಹಣ ಸಿಗುವ ಸಾಧ್ಯತೆ ಅಷ್ಟು ಹೆಚ್ಚು.

ಒಂದು ಎಚ್ಚರಿಕೆ. ಗೋಡೆಯ ಮೇಲೆ ಹಾಳೆ ಇಲ್ಲವೆಂದು ಮೊಬೈಲಿನಲ್ಲಿ ಬ್ಯಾಂಕಿನ ಹೆಸರು ಹಾಕಿ 'ಕಸ್ಟಮರ್ ಕೇರ್ ನಂಬರ್' ಎಂದು ಹುಡುಕಬೇಡಿ. ವಂಚಕರು ತಮ್ಮದೇ ನಂಬರುಗಳನ್ನು ಅಲ್ಲಿ ಬಲೆಯಂತೆ ಹರಡಿರುತ್ತಾರೆ. ಗಾಬರಿಯಲ್ಲಿದ್ದವರೇ ಅವರಿಗೆ ಸುಲಭದ ಬೇಟೆ. ಪಾಸ್‌ಬುಕ್, ಚೆಕ್ ಪುಸ್ತಕ, ಬ್ಯಾಂಕಿನ ಸ್ವಂತ ಆ್ಯಪ್ ಅಥವಾ ಬ್ಯಾಂಕಿನ ಸ್ವಂತ ತಾಣ ನೋಡಿ. ಭಾರತದ ಬ್ಯಾಂಕುಗಳ ತಾಣಗಳು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕು ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿದೆ. ವಿಳಾಸದ ಆ ಬಾಲ ನೋಡುವುದನ್ನು ಮಕ್ಕಳು ಕಲಿತುಕೊಳ್ಳಲಿ.

ಫೋನಿನಲ್ಲಿ ಏನು ಹೇಳುವುದು?

ಫೋನ್ ಎತ್ತಿದ ಕೂಡಲೇ ಯಂತ್ರದ ದನಿ 'ಕನ್ನಡಕ್ಕಾಗಿ ಇಂಥ ಅಂಕಿ ಒತ್ತಿ' ಎಂದೆಲ್ಲ ಹೇಳತೊಡಗುತ್ತದೆ. ಹಿರಿಯರಿಗೆ ಕಿರಿಕಿರಿಯಾಗುವುದು ಇಲ್ಲೇ. ಅಂಕಿ ಒತ್ತುವ ಕೆಲಸ ಮೊಮ್ಮಕ್ಕಳದಾಗಲಿ, ಮಾತಾಡುವ ಕೆಲಸ ಖಾತೆ ಯಾರ ಹೆಸರಿನಲ್ಲಿದೆಯೋ ಅವರದು. ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

ಅಜ್ಜಿ: ನನ್ನ ಎಟಿಎಂ ಕಾರ್ಡ್ ಕಳೆದುಹೋಗಿದೆ. ಈಗಲೇ ಬ್ಲಾಕ್ ಮಾಡಿ.

ಬ್ಯಾಂಕಿನವರು: ನಿಮ್ಮ ಹೆಸರು, ಹುಟ್ಟಿದ ದಿನಾಂಕ ಹೇಳಿ.

(ಅಜ್ಜಿ ಹೇಳುತ್ತಾರೆ.)

ಬ್ಯಾಂಕಿನವರು: ಕಾರ್ಡಿನ ಕೊನೆಯ ನಾಲ್ಕು ಅಂಕಿ ಅಥವಾ ಖಾತೆ ಸಂಖ್ಯೆ?

ಅಜ್ಜಿ: ಪಾಸ್‌ಬುಕ್ ಇಲ್ಲೇ ಇದೆ, ಖಾತೆ ಸಂಖ್ಯೆ ಓದುತ್ತೇನೆ.

ಬ್ಯಾಂಕಿನವರು: ಕಾರ್ಡ್ ಬ್ಲಾಕ್ ಆಗಿದೆ.

ಅಜ್ಜಿ: ದೂರಿನ ಸಂಖ್ಯೆ ಕೊಡಿ. ಈಗ ಗಂಟೆ ಎಷ್ಟು ಎಂದು ನಿಮ್ಮಲ್ಲಿ ದಾಖಲಾಗಿದೆ?

ಈ ಕೊನೆಯ ಎರಡು ವಾಕ್ಯ ಬಹಳ ಮುಖ್ಯ. ದೂರಿನ ಸಂಖ್ಯೆ, ತಾರೀಖು, ಗಂಟೆ ಮೂರನ್ನೂ ಬರೆದಿಡಿ. ಬ್ಲಾಕ್ ಆದ ಮೇಲೆ ಬ್ಯಾಂಕು ಅದನ್ನು ಖಚಿತಪಡಿಸುವ ಸಂದೇಶ ಕಳಿಸಬೇಕು. ಆ ಎಸ್‌ಎಂಎಸ್ ಅಳಿಸಬೇಡಿ.

ಗಮನಿಸಿದಿರಾ ಮಕ್ಕಳೇ? ಬ್ಯಾಂಕಿನವರು ಪಿನ್ ಕೇಳಲಿಲ್ಲ, ಸಿವಿವಿ ಕೇಳಲಿಲ್ಲ. ನಿಜವಾದ ಬ್ಯಾಂಕಿನ ಯಾವ ಮನುಷ್ಯರೂ ಅವನ್ನು ಕೇಳುವುದಿಲ್ಲ. ಕೇಳಿದರೆ ಫೋನ್ ಇಟ್ಟುಬಿಡಿ.

ಅಜ್ಜ-ಅಜ್ಜಿಯರ ನಾಲ್ಕು ಅಳುಕು

'ಬ್ಲಾಕ್ ಮಾಡಿಸಿದರೆ ಖಾತೆಯೇ ಮುಚ್ಚಿಹೋದರೆ?' ಇಲ್ಲ. ಬೀಗ ಬೀಳುವುದು ಕಾರ್ಡಿಗೆ ಮಾತ್ರ, ಖಾತೆಗೆ ಅಲ್ಲ. ಪಿಂಚಣಿ ಎಂದಿನಂತೆ ಬಂದು ಸೇರುತ್ತದೆ. ಗೃಹಲಕ್ಷ್ಮಿಯ ಹಣವೂ ಬರುತ್ತದೆ. ಬಡ್ಡಿ ಜಮೆಯಾಗುತ್ತದೆ.

'ಹೊಸ ಕಾರ್ಡ್ ಬರುವವರೆಗೆ ಔಷಧಿಗೆ ದುಡ್ಡು?' ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ, ಹಣ ತೆಗೆಯುವ ಚೀಟಿ ತುಂಬಿ ಕೊಡಿ. ಎಟಿಎಂ ಬರುವ ಮೊದಲು ನಾವೆಲ್ಲ ಹಣ ತೆಗೆಯುತ್ತಿದ್ದುದು ಹಾಗೆಯೇ ಅಲ್ಲವೇ?

'ಮೊದಲು ಪೊಲೀಸ್ ಠಾಣೆಗೆ ಹೋಗಬೇಕಲ್ಲ?' ಬೇಕಿಲ್ಲ. ಕಾರ್ಡ್ ಕಳೆದಿದೆ ಎಂದು ತಿಳಿಸಿದ ತಕ್ಷಣ ಬ್ಯಾಂಕು ಅದನ್ನು ಬ್ಲಾಕ್ ಮಾಡಬೇಕು, ಪೊಲೀಸ್ ದೂರಿನಂಥ ವಿಧಿಗಳು ಆಮೇಲೆ ಆದರೂ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಕಳ್ಳತನವಾಗಿದ್ದರೆ, ಇಲ್ಲವೇ ಪರ್ಸಿನಲ್ಲಿ ಆಧಾರ್‌ನಂಥ ದಾಖಲೆಗಳೂ ಹೋಗಿದ್ದರೆ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ಪಡೆಯುವುದು ಒಳ್ಳೆಯದು.

'ಹಳೆಯ ಕಾರ್ಡ್ ಸಿಕ್ಕರೆ ಮತ್ತೆ ಬಳಸಬಹುದೇ?' ಪೂರ್ತಿ ಬ್ಲಾಕ್ ಆದದ್ದು ಮತ್ತೆ ಜೀವ ಪಡೆಯುವುದಿಲ್ಲ. ಚಿಪ್ ಮತ್ತು ಕಪ್ಪು ಪಟ್ಟಿ ಎರಡೂ ತುಂಡಾಗುವಂತೆ ಕತ್ತರಿಸಿ ಬಿಸಾಡಿ. ಹೊಸ ಕಾರ್ಡಿಗೆ ಹೊಸ ನಂಬರ್ ಇರುತ್ತದೆ, ಹೊಸ ಪಿನ್ ಹಾಕಿಕೊಳ್ಳಬೇಕು. ಕರೆಂಟ್ ಬಿಲ್ಲಿನಂಥದ್ದು ಹಳೆಯ ಕಾರ್ಡಿನಿಂದ ತಾನಾಗಿ ಕಟ್ಟಿಕೊಳ್ಳುತ್ತಿದ್ದರೆ ಅಲ್ಲಿ ಹೊಸ ನಂಬರ್ ಕೊಡಿ.

ಹೋದ ಹಣ ಯಾರ ಲೆಕ್ಕಕ್ಕೆ?

ಬ್ಲಾಕ್ ಮಾಡಿಸುವಷ್ಟರಲ್ಲಿ ಹಣ ಹೋಗಿಯೇಬಿಟ್ಟಿದ್ದರೆ? ಅದಕ್ಕೂ ನಿಯಮವಿದೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಗ್ರಾಹಕರ ಹೊಣೆ ಎಲ್ಲಿಯವರೆಗೆ ಎಂದು ಗೆರೆ ಎಳೆಯಿತು. ಅದರ ಸಾರ ಹೀಗೆ.

ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರ ಮೇಲೆ ಒಂದು ಪೈಸೆಯ ಹೊಣೆಯೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಬೇರೆಲ್ಲೋ ಆಗಿದ್ದರೆ ದಿನಗಳ ಲೆಕ್ಕ ಬರುತ್ತದೆ. ಬ್ಯಾಂಕಿನಿಂದ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಯವರದು 5,000 ರೂಪಾಯಿ. ಏಳು ದಿನ ದಾಟಿದರೆ ಬ್ಯಾಂಕಿನ ಸ್ವಂತ ನೀತಿಯಂತೆ.

ಪಿನ್, ಒಟಿಪಿಯಂಥ ಗುಟ್ಟನ್ನು ನಾವೇ ಕೊಟ್ಟಂಥ ಅಜಾಗರೂಕತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಮ್ಮದೇ. ಆಗಲೂ ಒಂದು ಸಮಾಧಾನ ಉಂಟು: ತಿಳಿಸಿದ ಮೇಲೆ ಹೋಗುವ ಹಣ ಬ್ಯಾಂಕಿನ ಹೊಣೆ. ಗಂಟೆ ಬರೆದಿಡಿ ಎಂದಿದ್ದು ಇದಕ್ಕೇ. ಆ ಗಂಟೆಯೇ ನಿಮ್ಮ ಹೊಣೆ ಮುಗಿದು ಬ್ಯಾಂಕಿನ ಹೊಣೆ ಶುರುವಾಗುವ ಗಡಿಗಲ್ಲು.

ಈಗ ಮಕ್ಕಳಿಗೆ ಎರಡು ಲೆಕ್ಕ.

ಲೆಕ್ಕ ಒಂದು: ಎರಡನೆಯ ಶನಿವಾರದ ಹಿಂದಿನ ಗುರುವಾರ ಹಣ ಹೋದ ಎಸ್‌ಎಂಎಸ್ ಬಂತು. ಮೂರು ಕೆಲಸದ ದಿನ ಮುಗಿಯುವುದು ಯಾವತ್ತು? ಸಂದೇಶ ಬಂದ ದಿನವನ್ನು ಎಣಿಸುವ ಹಾಗಿಲ್ಲ. ಶುಕ್ರವಾರ ಒಂದು. ಎರಡನೆಯ ಶನಿವಾರ ಬ್ಯಾಂಕಿಗೆ ರಜೆ, ಭಾನುವಾರವೂ ರಜೆ. ಸೋಮವಾರ ಎರಡು, ಮಂಗಳವಾರ ಮೂರು. ಉತ್ತರ ಮಂಗಳವಾರ. ಹಾಗೆಂದು ಮಂಗಳವಾರದವರೆಗೆ ಕಾಯಬಾರದು, ಸಹಾಯವಾಣಿಗೆ ರಜೆಯಿಲ್ಲ!

ಲೆಕ್ಕ ಎರಡು: ಬ್ಯಾಂಕಿನದೂ ಅಜ್ಜನದೂ ತಪ್ಪಿಲ್ಲದೆ ಅಜ್ಜನ ಉಳಿತಾಯ ಖಾತೆಯಿಂದ 18,000 ರೂಪಾಯಿ ಹೋಯಿತು. ಅಜ್ಜ ಎರಡನೆಯ ಕೆಲಸದ ದಿನ ತಿಳಿಸಿದರೆ ಎಷ್ಟು ವಾಪಸ್? ಪೂರ್ತಿ 18,000. ಯಾರಿಗೂ ಹೇಳದೆ ಕೊರಗಿ ಐದನೆಯ ಕೆಲಸದ ದಿನ ತಿಳಿಸಿದರೆ? ಅಜ್ಜನ ಹೊಣೆ 10,000, ವಾಪಸ್ ಬರುವುದು 8,000. ಸುಮ್ಮನಿದ್ದುದರ ಬೆಲೆ 10,000 ರೂಪಾಯಿ.

ಅದೇ ಸುತ್ತೋಲೆಯಂತೆ, ದೂರು ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥ ಮಾಡಬೇಕು. ತಪ್ಪು ಗ್ರಾಹಕರದೇ ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನದು. ಈ ಮೊತ್ತ, ಗಡುವುಗಳನ್ನು ರಿಸರ್ವ್ ಬ್ಯಾಂಕ್ ಆಗಾಗ ಪರಿಷ್ಕರಿಸುತ್ತಿರುತ್ತದೆ. ಮುಂದಿನ ಸಲ ಶಾಖೆಗೆ ಹೋದಾಗ ಈಗಿನ ನಿಯಮ ಹೇಗಿದೆ ಎಂದು ಕೇಳಿಕೊಳ್ಳಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಕಳೆದದ್ದೇ ಗೊತ್ತಾಗದ ಕಳವು

ಕೈಯಲ್ಲಿ ಕಾರ್ಡ್ ಇದೆ, ಆದರೂ ಕಾರ್ಡ್ ಕಳುವಾಗಿದೆ. ಒಗಟಲ್ಲ, ನಿಜ. ಎಟಿಎಂನಲ್ಲಿ ಹಿರಿಯರೊಬ್ಬರು ತಡವರಿಸುತ್ತಿದ್ದಾರೆ. ಹಿಂದೆ ನಿಂತ ಅಪರಿಚಿತ 'ಕೊಡಿ ಅಜ್ಜ, ನಾನು ಮಾಡಿಕೊಡ್ತೀನಿ' ಎಂದು ವಿನಯದಿಂದ ಕಾರ್ಡ್ ತೆಗೆದುಕೊಳ್ಳುತ್ತಾನೆ. ಅಜ್ಜ ಒತ್ತುವ ಪಿನ್ ನೋಡಿಕೊಳ್ಳುತ್ತಾನೆ. 'ಯಂತ್ರ ಕೆಟ್ಟಿದೆ' ಎಂದು ಕಾರ್ಡ್ ವಾಪಸ್ ಕೊಡುತ್ತಾನೆ. ಕೊಟ್ಟದ್ದು ಅದೇ ಬಣ್ಣದ ಬೇರೆ ಯಾರದೋ ಕಾರ್ಡ್! ಅಜ್ಜ ಅದನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾರೆ. ಹಣ ಹೋದ ಎಸ್‌ಎಂಎಸ್ ಒಂದರ ಮೇಲೊಂದು ಬರತೊಡಗಿದಾಗಲೇ ಗೊತ್ತಾಗುವುದು.

ಇದಕ್ಕೆ ಮಕ್ಕಳು ಒಂದು ಉಪಾಯ ಮಾಡಬಹುದು. ಅಳಿಸದ ಶಾಯಿಯ ಪೆನ್ನಿನಿಂದ ಅಜ್ಜನ ಕಾರ್ಡಿನ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರವನ್ನೋ ಮೀನನ್ನೋ ಬಿಡಿಸಿ. ಚಿಪ್ಪಿನ ಮೇಲೆ, ಕಪ್ಪು ಪಟ್ಟಿಯ ಮೇಲೆ ಮಾತ್ರ ಬೇಡ. ಸ್ಟಿಕ್ಕರ್ ಕೂಡ ಬೇಡ, ಅದು ಯಂತ್ರದೊಳಗೆ ಸಿಕ್ಕಿಕೊಳ್ಳಬಹುದು. ಕಾರ್ಡ್ ಕೈಗೆ ಬಂದ ಪ್ರತಿ ಸಲ 'ನನ್ನ ಮೀನು ಇದೆಯೇ?' ಎಂದು ಅಜ್ಜ ನೋಡಿಕೊಂಡರೆ ಸಾಕು.

ಎಟಿಎಂ ಕಾರ್ಡನ್ನು ನುಂಗಿಬಿಟ್ಟರೂ ಅದನ್ನು ಕಳೆದುಹೋದ ಕಾರ್ಡ್ ಎಂದೇ ತಿಳಿದು ಬ್ಲಾಕ್ ಮಾಡಿಸಿ. ಯಂತ್ರದ ಪಕ್ಕ ಕೈಯಲ್ಲಿ ಬರೆದು ಅಂಟಿಸಿದ ಯಾವ ನಂಬರಿಗೂ ಕರೆ ಮಾಡಬೇಡಿ.

ಕಾರ್ಡ್ ಕಳೆದ ಮೇಲೆ ಬರುವ ಕರೆಗಳ ಬಗ್ಗೆಯೂ ಎಚ್ಚರ ಬೇಕು. 'ನಿಮ್ಮ ಕಾರ್ಡ್ ನಮಗೆ ಸಿಕ್ಕಿದೆ, ನಿಮ್ಮದೇ ಎಂದು ಖಾತ್ರಿ ಮಾಡಲು ಪಿನ್ ಹೇಳಿ' ಎಂದೋ, 'ಹೋದ ಹಣ ವಾಪಸ್ ಹಾಕುತ್ತೇವೆ, ಈಗ ಬಂದ ಒಟಿಪಿ ಹೇಳಿ' ಎಂದೋ ಯಾರಾದರೂ ಫೋನ್ ಮಾಡಬಹುದು. ಹಣ ವಾಪಸ್ ಬರಲು ಒಟಿಪಿ ಬೇಕಿಲ್ಲ. ಒಟಿಪಿ ಕೇಳುವುದು ಹಣ ಹೊರಗೆ ಹೋಗುವಾಗ. ಈ ಒಂದು ಮಾತು ನೆನಪಿದ್ದರೆ ಎರಡನೆಯ ಸಲ ಮೋಸ ಹೋಗುವುದಿಲ್ಲ.

ಈ ಭಾನುವಾರದ ಮನೆಗೆಲಸ

ಮೊಮ್ಮಕ್ಕಳೂ ಹಿರಿಯರೂ ಅರ್ಧ ಗಂಟೆ ಒಟ್ಟಿಗೆ ಕೂತರೆ ಇಷ್ಟೂ ಮುಗಿಯುತ್ತದೆ.

ಸಹಾಯವಾಣಿಯ ನಂಬರ್ ಗೋಡೆಯ ಮೇಲೆ ಇರಲಿ. ಅಜ್ಜಿಯ ಮೊಬೈಲಿನಲ್ಲಿ 'ಬ್ಯಾಂಕ್ ಬ್ಲಾಕ್' ಎಂಬ ಹೆಸರಿನಲ್ಲೂ ಇರಲಿ. ಹಾಳೆಯಲ್ಲಿ ಅದರ ಕೆಳಗೆ 1930 ಬರೆಯಿರಿ.

ಬ್ಯಾಂಕಿನಲ್ಲಿರುವ ಮೊಬೈಲ್ ನಂಬರ್ ಈಗ ಬಳಸುತ್ತಿರುವುದೇ ಎಂದು ನೋಡಿ. ಹಳೆಯ ನಂಬರ್ ಇದ್ದರೆ ಹಣ ಹೋದ ಎಸ್‌ಎಂಎಸ್ ನಿಮಗೆ ಬರುವುದೇ ಇಲ್ಲ.

ಕಾರ್ಡಿನಲ್ಲಿ ಬೇಡದ ಬಾಗಿಲುಗಳನ್ನು ಮುಚ್ಚಿ. ತಾಗಿಸಿ ಕೊಡುವುದು, ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಇವನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ, ದಿನದ ಮಿತಿ ಕಡಿಮೆ ಮಾಡುವ ಸೌಲಭ್ಯವನ್ನು ಗ್ರಾಹಕರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಸಂತೆಗೂ ಪಿಂಚಣಿಗೂ ಮಾತ್ರ ಕಾರ್ಡ್ ಬಳಸುವ ಅಜ್ಜಿಗೆ ವಿದೇಶಿ ಬಳಕೆ ಏಕೆ? ಮೊಬೈಲ್ ಆ್ಯಪ್ ಇಲ್ಲದವರು ಶಾಖೆಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಪಿನ್ ಹುಟ್ಟಿದ ವರ್ಷವೋ, 1234ವೋ ಆಗಿದ್ದರೆ ಬದಲಿಸಿ. ನೆನಪಿಗೆ ಸುಲಭವಾದ, ಬೇರೆಯವರಿಗೆ ಹೊಳೆಯದ ಸಂಖ್ಯೆ ಯಾವುದು? ಬಾಲ್ಯದ ಗೆಳೆಯನ ಮನೆಗೆ ಎಷ್ಟು ಮೆಟ್ಟಿಲು, ಮೊದಲ ಸಂಬಳ ಎಷ್ಟು ರೂಪಾಯಿ ಎಂಬಂಥವು ಯಾವ ದಾಖಲೆಯಲ್ಲೂ ಇರುವುದಿಲ್ಲ. ಪಿನ್ ಹಾಕುವಾಗ ಮಕ್ಕಳು ಮುಖ ಆಚೆ ತಿರುಗಿಸಬೇಕು! ಇದು ನಂಬಿಕೆಯ ಪ್ರಶ್ನೆಯಲ್ಲ. ಗುಟ್ಟು ಒಬ್ಬರ ಬಳಿ ಇದ್ದರೆ ಕಾಯುವುದು ಸುಲಭ, ನಾಳೆ ಏನಾದರೂ ಆದರೆ ಯಾರ ಮೇಲೂ ಅನುಮಾನ ಬರುವುದಿಲ್ಲ.

ಕಾರ್ಡ್ ಒಂದು ಕಡೆ, ಆಧಾರ್ ಇನ್ನೊಂದು ಕಡೆ ಇರಲಿ. ಸಂತೆಗೆ ಹೋಗುವ ಪರ್ಸಿನಲ್ಲಿ ಎರಡೂ ಒಟ್ಟಿಗೆ ಬೇಡ.

ಕೊನೆಯದಾಗಿ ಒಂದು ಅಣಕು ಅಭ್ಯಾಸ. 'ಅಜ್ಜಿ, ಕಾರ್ಡ್ ಕಳೆದುಹೋಯಿತು!' ಎಂದು ಮೊಮ್ಮಗ ಕೂಗಲಿ. ಅಜ್ಜಿ ಎದ್ದು ಗೋಡೆಯ ಹಾಳೆ ಹುಡುಕಿ, ಫೋನ್ ಹಿಡಿದು, ಹೇಳಬೇಕಾದ ಮೊದಲ ವಾಕ್ಯ ಹೇಳಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಮುಂದಿನ ವಾರ ಅದಕ್ಕಿಂತ ಬೇಗ ಆಗಲಿ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು

ಇಡೀ ವಿಷಯದಲ್ಲಿ ಕಳ್ಳನಿಗೆ ಅತಿ ಹೆಚ್ಚು ಸಹಾಯ ಮಾಡುವುದು ಸಡಿಲ ಪಿನ್ ಅಲ್ಲ, ಅಲೆಯ ಗುರುತಿನ ಕಾರ್ಡೂ ಅಲ್ಲ. 'ಬೈದಾರು' ಎಂಬ ಹಿರಿಯರ ಅಳುಕು. ಆ ಅಳುಕಿನಲ್ಲಿ ಒಂದು ಸಂಜೆ ಕಳೆಯುತ್ತದೆ, ಒಂದು ರಾತ್ರಿ ಕಳೆಯುತ್ತದೆ. ಮೂರು ಕೆಲಸದ ದಿನಗಳ ಗಡುವು ಕರಗುವುದೂ ಹಾಗೆಯೇ. ಯಾವ ವಯಸ್ಸಿನವರಾದರೂ ಕಾರ್ಡ್ ಕಳೆದುಕೊಳ್ಳುತ್ತಾರೆ. ಮನೆಯ ಹಿರಿಯರು ಬಂದು 'ಕಾರ್ಡ್ ಕಾಣಿಸ್ತಿಲ್ಲ ಕಣೋ' ಎಂದಾಗ 'ಎಲ್ಲಿ ಇಟ್ಟಿದ್ದೆ, ಎಷ್ಟು ಸಲ ಹೇಳಿದ್ದೆ' ಎಂದು ಶುರು ಮಾಡಬೇಡಿ. 'ಒಳ್ಳೆಯದಾಯಿತು ಹೇಳಿದ್ದು, ಬಾ ಮೊದಲು ಫೋನ್ ಮಾಡೋಣ' ಎನ್ನಿ. ಉಳಿದ ಮಾತು ಬ್ಲಾಕ್ ಆದ ಮೇಲೆ ಕಾಫಿ ಕುಡಿಯುತ್ತಾ ಆಡಬಹುದು.

ಮಕ್ಕಳೇ, ಈ ಪುಟ ಮಡಚುವ ಮೊದಲು ಒಮ್ಮೆ ಎದ್ದು ಹೋಗಿ ನೋಡಿ. ಗೋಡೆಯ ಮೇಲೆ ಹಾಳೆ ಅಂಟಿಸಿ ಆಯಿತೇ?